ಅವ್ವ ತೋರಿಸಿದ ಸಾಲ್ಟ್ ಲೇಕ್

ಅಮೆರಿಕದಲ್ಲಿ ನನಗೆ ಊರು ತೋರಿಸಲು ಅವ್ವನೇ ಮುಂದಾದಾಗ ತಬ್ಬಿಬ್ಬಾದೆ. ಲಂಡನ್ನಿನ ವೆಂಬ್ಲಿಯ ನಮ್ಮ ಫ್ಲಾಟಿನಲ್ಲಿ ಮೂರು ತಿಂಗಳಿದ್ದರೂ ಅವಳು ಒಮ್ಮೆಯೂ ಒಬ್ಬಳೇ ಲಿಫ್ಟ್ ಹತ್ತಿರಲಿಲ್ಲ. ಸಾಲ್ಟ್ ಲೇಕ್ ಸಿಟಿಯಲ್ಲಿರುವ ತಂಗಿ ಸುಮಾಳ ಮನೆಗೆ ಹೋದ ಆರೇ ವಾರದಲ್ಲಿ ಟ್ರ್ಯಾಮ್ ಹತ್ತಲು ಕಲಿತಿದ್ದಳು. ಅವಳನ್ನು ವಾಪಸ್ ಕರೆತರಲು ಇಬ್ಬರಿಗೂ ಟಿಕೆಟ್ ಮಾಡಿಸಿಕೊಂಡೇ ನಾನು ಹೋಗಿದ್ದೆ.

"ಇಲ್ಲೆ ಓಣಿಗೆ ನಂಬರ್ ಐತವಾ. ಗುಡಿಯಿಂದ ಎಣಸಕೋತ ಬಂದ್ರ ಮನಿ ಸಿಗತೈತಿ" ಎಂದಳು ಅವ್ವ.

ಗುಡಿ ಎಂದರೆ ಈ ಊರನ್ನು ಕಟ್ಟಿದ ಮಾರ್ಮನ್ ಪಂಥದವರ ದೇವಾಲಯ. ದುರಸ್ತಿ ನಡೆದಿದ್ದರಿಂದ ಅವ್ವ ಬೇಲಿಯಾಚೆಯಿಂದಲೇ ಕೈಮುಗಿದಳು. ಪಕ್ಕದಲ್ಲಿ, ನಮ್ಮ ಜೊತೆ ಬಂದಿದ್ದ ಸುಮಾಳ ನೆರೆಮನೆಯ ಮುದುಕಿ ಬಾರ್ಬರಾ ನಿಂತಿದ್ದಳು, ಅವ್ವನ ಸ್ವೆಟರ್ ಹಿಡಿದುಕೊಂಡು.

ಈ ಪಂಥದವರು ಚಹಾ ಕುಡಿಯುವುದಿಲ್ಲ. ಆದರೂ ಬಾರ್ಬರಾ ದಿನವೂ ಬಂದು, ಅವ್ವ ಚಹಾ ಕುಡಿದು ಮುಗಿಸುವವರೆಗೆ ಎದುರಿಗೆ ಕೂತಿರುತ್ತಾಳಂತೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಬಾರ್ಬರಾಳ ವಾರ್ಡಿನವರೆಲ್ಲ ಅವ್ವನಿಗೆ ಪರಿಚಯ. ಡಾಕ್ಟರಾದ ನನಗೆ ವಾರ್ಡ್ ಎಂದರೆ ಆಸ್ಪತ್ರೆಯ ಮಂಚಗಳ ಸಾಲು. ಇವರಿಗೆ ಒಂದೇ ಚರ್ಚಿಗೆ ಸೇರಿದ ನೆರೆಹೊರೆ. ವೆಂಬ್ಲಿಯಲ್ಲಿ ಒಂಬತ್ತು ವರ್ಷ ಕಳೆದರೂ ಎದುರು ಬಾಗಿಲಿನವರ ಹೆಸರು ನನಗೆ ತಿಳಿಯದು. ಹೊಟ್ಟೆಕಿಚ್ಚಾಯಿತು. ಸುಮಾಳ ಮೇಲಲ್ಲ, ಆ ಸ್ವೆಟರ್ ಹಿಡಿದ ಮುದುಕಿಯ ಮೇಲೆ.

ಆಮೇಲೆ ಗುಮ್ಮಟದಂಥ ಛಾವಣಿಯ ಹಳೆಯ ಸಭಾಭವನಕ್ಕೆ ಹೋದೆವು. ಅಲ್ಲಿ ವೇದಿಕೆಯ ಮೇಲೆ ಗುಂಡುಸೂಜಿ ಬೀಳಿಸಿದರೆ ಕೊನೆಯ ಬೆಂಚಿಗೂ ಕೇಳುತ್ತದೆ. ಗೈಡ್ ಹುಡುಗಿ ಬೀಳಿಸಿದಳು. ಅವ್ವನಿಗೆ ಕಿವಿ ಮಂದವಾಗಿದೆಯೆಂದು ನಾನು ಲಂಡನ್ನಿನಲ್ಲೇ ತೀರ್ಮಾನಿಸಿದ್ದೆ. ಹಾಗಾಗಿ ಅವಳ ಕಿವಿಗೆ ಬಾಯಿಟ್ಟು, "ಸೂಜಿ ಬಿತ್ತವಾ!" ಎಂದೆ.

"ಯಾಕ ಒದರತೀ? ಕೇಳಿಸ್ತು."

"ಮತ್ತ ನಮ್ಮನಿಯೊಳಗ ಎಲ್ಲಾ ಎರಡೆರಡು ಸಲ ಕೇಳತಿದ್ದಿಯಲ್ಲ?"

"ನೀ ಫೋನ್ ನೋಡ್ಕೋತ ಮಾತಾಡತಿದ್ದಿ. ಎರಡನೇ ಸಲ ಕೇಳಿದ್ರ ನನ್ನ ಕಡೆ ತಿರಗತಿದ್ದಿ."

ಅವ್ವ ನನ್ನ ತೊಡೆಯ ಮೇಲೆ ಕೈಯಿಟ್ಟಳು. "ಇನ್ನೊಂದ್ ತಿಂಗಳ ಇಲ್ಲೇ ಇರತೀನಿ. ಸಿಟ್ಟಾಗಬ್ಯಾಡ."

ಸಿಟ್ಟಾದೆ. ಟ್ರ್ಯಾಮಿನಲ್ಲಿ ಬೇರೆ ಸೀಟಿನಲ್ಲಿ ಕೂತೆ. ಹಿಂದಿನ ಸೀಟಿನಲ್ಲಿ ಅವರಿಬ್ಬರೂ ಏನಕ್ಕೋ ನಗುತ್ತಿದ್ದರು. ಅಂದು ಸಂಜೆಯೇ ಅವಳ ಟಿಕೆಟ್ ರದ್ದು ಮಾಡಿದೆ.

ಈಗ ವೆಂಬ್ಲಿಯಲ್ಲಿ ಡ್ಯೂಟಿ ಮುಗಿಸಿ ಬಂದವಳೇ ವಿಡಿಯೋ ಕಾಲ್ ಮಾಡುತ್ತೇನೆ. ಮಾತಾಡುವಾಗ ಬೇರೇನೂ ನೋಡುವುದಿಲ್ಲ. ನಿನ್ನೆ ಅವ್ವನ ಹೆಗಲ ಹಿಂದಿನಿಂದ ಬಾರ್ಬರಾ ಇಣುಕಿದಳು. ಕೈಬೀಸಿ, ಒಂದೊಂದೇ ಅಕ್ಷರ ಕೂಡಿಸಿ, "ಆರಾಮಿದ್ದೀ?" ಎಂದಳು. ಅವ್ವನದೇ ಅಪ್ಪಟ ಧಾರವಾಡದ ರಾಗ. ವೆಂಬ್ಲಿಯಲ್ಲಿ ನನ್ನನ್ನು ಯಾರೂ ಹಾಗೆ ಕೇಳಿದವರಿಲ್ಲ.

"ಫೈನ್, ಥ್ಯಾಂಕ್ಸ್" ಎಂದೆ ನಾನು.