ಹನ್ನೆರಡು ಫೋಟೋಗಳಲ್ಲಿ ನಗುತ್ತಿದ್ದವನು

ಬಾಯಿ ಮುಕ್ಕಳಿಸಲು ಹಾಕಿಕೊಂಡ ನೀರು ಎಡಗಡೆಯಿಂದ ತಾನಾಗಿ ಸೋರಿ ಅಂಗಿಯ ಮೇಲೆ ಬಿತ್ತು. ನಿದ್ದೆಗಣ್ಣು ಎಂದುಕೊಂಡೆ. ಎರಡನೇ ಸಲವೂ ಸೋರಿತು. ಕನ್ನಡಿ ನೋಡಿದೆ.

ಅರ್ಧ ಮುಖ ನನ್ನ ಮಾತು ಕೇಳುತ್ತಿರಲಿಲ್ಲ.

ಹಾಸನದ ಡಾಕ್ಟರು ಹುಬ್ಬು ಏರಿಸಿ ಎಂದರು. ಕಣ್ಣು ಮುಚ್ಚಿ ಎಂದರು. ಎಡಗಣ್ಣು ಮುಚ್ಚಲಿಲ್ಲ.

"ಸ್ಟ್ರೋಕ್ ಅಲ್ಲ ಕಣ್ರೀ, ಬೆಲ್ಸ್ ಪಾಲ್ಸಿ. ಮುಖದ ನರ ಊದಿದೆ. ಹೆಚ್ಚಿನವರಿಗೆ ವಾಸಿಯಾಗುತ್ತೆ."

"ಎಲ್ಲರಿಗೂ ಆಗುತ್ತಾ ಡಾಕ್ಟ್ರೇ?"

ಅವರು ಸ್ಟೀರಾಯ್ಡ್ ಮಾತ್ರೆ ಬರೆಯತೊಡಗಿದರು.

ನಾನು ಹಳೇಬೀಡಿನ ಗುಡಿಯಲ್ಲಿ ಗೈಡು. ಮುಖ, ಮಾತು ಬಿಟ್ಟರೆ ಬೇರೆ ಬಂಡವಾಳವಿಲ್ಲ. "ಮೂಗು ಹೋಗಿರೋ ವಿಗ್ರಹ ನೋಡಕ್ಕೂ ಜನ ಬರಲ್ವೇನ್ಲಾ" ಎಂದು ಜೊತೆಯ ಗೈಡೊಬ್ಬ ಸಮಾಧಾನ ಹೇಳಿದ. ಅವನ ಮೂಗನ್ನೂ ಮುರಿಯಬೇಕೆನಿಸಿತು. ಗುಡಿಗೆ ಹೋಗುವುದನ್ನೇ ಬಿಟ್ಟೆ.

ಬಿಡದೆ ಹೋಗುತ್ತಿದ್ದದ್ದು ಬೇಲೂರಿನ ಸೈಬರ್ ಸೆಂಟರಿಗೆ. ಪ್ರವಾಸಿಗರೊಬ್ಬರು ಇಂಟರ್ನೆಟ್ಟಿನ ಗೆಳೆಯರ ತಾಣವೊಂದರಲ್ಲಿ ನನಗೊಂದು ಪುಟ ಮಾಡಿಕೊಟ್ಟಿದ್ದರು. ಆಗ ಅಲ್ಲಿ ಹನ್ನೆರಡೇ ಫೋಟೋಗಳಿಗೆ ಜಾಗ. ಹಾಗಾಗಿ ನಗುವ ಫೋಟೋಗಳನ್ನೇ ಆರಿಸಿ ಹಾಕಿದ್ದೆ. ಈಗ ಎಡಗಣ್ಣಿಗೆ ಟೇಪ್ ಅಂಟಿಸಿಕೊಂಡು, ಮುಖಕ್ಕೆ ಟವೆಲ್ ಸುತ್ತಿಕೊಂಡು, ಆ ಫೋಟೋಗಳಲ್ಲಿ ನಗುತ್ತಿದ್ದ ಅವನೆದುರು ಕೂರುತ್ತಿದ್ದೆ. ನಾನಿಲ್ಲದೆಯೂ ಅವನು ಸುಖವಾಗಿದ್ದ. ಜನ ಅವನಿಗೆ ಬರೆಯುತ್ತಿದ್ದರು, ಅವನ ಪರವಾಗಿ ನಾನು "ಚೆನ್ನಾಗಿದ್ದೇನೆ" ಎಂದು ಉತ್ತರಿಸುತ್ತಿದ್ದೆ. ಪುಣೆಯವರೊಬ್ಬರು, ವಯಸ್ಸಾದ ತಾಯಿಯನ್ನು ಕರೆತರುತ್ತೇವೆ, ನೀವೇ ಗುಡಿ ತೋರಿಸಬೇಕು ಎಂದು ಬರೆದರು. ಬನ್ನಿ ಎಂದುಬಿಟ್ಟೆ. ಆಮೇಲೆ ಭಯ ಶುರುವಾಯಿತು.

"ಊರೋರ ಕಣ್ಣಲ್ಲ, ಆ ಫೋಟೋ ಮ್ಯಾಲೆ ದೇಶದೋರ ಕಣ್ಣು ಬಿದ್ದೈತೆ" ಎಂದು ಅವ್ವ ಹಠ ಹಿಡಿದು ನನ್ನ ಜೊತೆ ಬಸ್ಸು ಹತ್ತಿದಳು. ಸೆರಗಿನ ಗಂಟಿನಲ್ಲಿ ಉಪ್ಪು, ಒಣಮೆಣಸಿನಕಾಯಿ. ಸೈಬರ್ ಸೆಂಟರಿನಲ್ಲಿ ಎಲ್ಲರೂ ನೋಡುತ್ತಿದ್ದಂತೆಯೇ ಕಂಪ್ಯೂಟರಿನ ಪರದೆಗೆ ಮೂರು ಸುತ್ತು ನಿವಾಳಿಸಿದಳು. ನಾನು ನಾಚಿಕೆಯಿಂದ ಕುಗ್ಗಿಹೋದೆ.

"ಕಾಯಿಲೆ ನಂಗೆ ಕಣವ್ವ, ಅವನಿಗಲ್ಲ."

"ಅವ್ನೂ ನನ್ ಮಗನೇ ಅಲ್ವೇನೋ?" ಎಂದಳು. ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದಳು. "ಈಗಿನ ಮುಖಾನೂ ಒಂದು ಹಾಕು. ದೃಷ್ಟಿಬೊಟ್ಟು ಇದ್ದಂಗಿರ್ಲಿ."

ನಗು ಬಂತು. ಅರ್ಧವೇ ಬಂತು. ಟವೆಲ್ ಸರಿಸಿದೆ, ಸೆಂಟರಿನವರು ಅದನ್ನೇ ವೆಬ್‌ಕ್ಯಾಮಿನಲ್ಲಿ ಹಿಡಿದರು.

ಒಂದು ಹಾಕಬೇಕಾದರೆ ಒಂದನ್ನು ತೆಗೆಯಬೇಕಿತ್ತು. ತುಂಬಾ ಚೆನ್ನಾಗಿದ್ದದ್ದನ್ನೇ ತೆಗೆದೆ. ಯಾಕೋ ಗೊತ್ತಿಲ್ಲ, ಅವನ ಮೇಲಿನ ಹೊಟ್ಟೆಕಿಚ್ಚೇ ಇರಬೇಕು. ಪುಣೆಯವರಿಗೆ, ನನ್ನ ಮುಖ ಈಗ ಹೀಗಿದೆ, ಮಾತೂ ತೊದಲುತ್ತದೆ, ಬರುತ್ತೀರಾ ಎಂದು ಬರೆದೆ.

ನಾಲ್ಕು ದಿನ ಉತ್ತರವಿಲ್ಲ.

ಐದನೇ ದಿನ ಬಂತು: ಅಮ್ಮನಿಗೆ ಕಿವಿ ಮಂದ, ನಿಧಾನವಾಗಿ ಹೇಳುವವರೇ ಬೇಕು. ಅವರು ಬಂದರು. ತುಟಿಯನ್ನು ಬೆರಳಿನಿಂದ ಒತ್ತಿ ಹಿಡಿದು ಒಂದೊಂದೇ ಮಾತು ಹೇಳಿದೆ. ಆ ಮುದುಕಿ ನನ್ನ ಮುಖವನ್ನು ಅಷ್ಟಾಗಿ ನೋಡಲೇ ಇಲ್ಲ. ಆಕೆ ಬಂದದ್ದು ಕಲ್ಲು ನೋಡಲು. ಅವತ್ತಿನಷ್ಟು ಸಮಾಧಾನ ನನಗೆ ಯಾವ ಮಾತ್ರೆಯಿಂದಲೂ ಆಗಿರಲಿಲ್ಲ.

ಈಗ ಮುಖ ಬಹುಪಾಲು ಮರಳಿದೆ. ಕಣ್ಣು ಮುಚ್ಚುತ್ತದೆ. ನಕ್ಕಾಗ ಎಡತುಟಿ ಮಾತ್ರ ಒಂದು ಕ್ಷಣ ತಡವಾಗಿ ಏಳುತ್ತದೇನೋ ಎಂಬ ಅನುಮಾನ. ಉಳಿದ ಹನ್ನೊಂದು ಫೋಟೋಗಳ ಜೊತೆ ಹೋಲಿಸಿ ನೋಡಲು ಧೈರ್ಯವಿಲ್ಲ. ನಿನ್ನೆ ರಾಗಿ ಕೇರುತ್ತಿದ್ದ ಅವ್ವನ ಮುಂದೆ ನಿಂತು ನಕ್ಕು, ಮುಂಚಿನ ಹಂಗೇ ಐತಾ ಎಂದು ಕೇಳಿದೆ.

"ಹಂಗೇ ಐತೆ ಕಣಪ್ಪ" ಎಂದಳು ಅವ್ವ, ಮೊರದಿಂದ ತಲೆ ಎತ್ತದೆ.