ಅಕ್ಕನ ಜಡೆ, ಭಾವನ ಬಾಚಣಿಗೆ

ಅಕ್ಕನಿಗೆ ಸ್ತನದ ಕ್ಯಾನ್ಸರಿನ ಚಿಕಿತ್ಸೆ ನಡೆದ ಅಷ್ಟೂ ತಿಂಗಳು ಅವಳೂ ಭಾವನೂ ಊರಿನಿಂದ ಬಂದು ಡೊಂಬಿವಲಿಯ ನಮ್ಮ ಮನೆಯಲ್ಲೇ ಇದ್ದರು. ಆಪರೇಷನ್ ಆದ ಮೇಲೆ ಅವಳ ಬಲಗೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಬೇಲಾಪುರದಲ್ಲಿ ನನ್ನ ಆಫೀಸಿನ ಹತ್ತಿರ ಒಬ್ಬ ಫಿಸಿಯೊಥೆರಪಿಸ್ಟ್ ಹುಡುಗಿ ಇಂಥವರಿಗೆ ವ್ಯಾಯಾಮ ಹೇಳಿಕೊಡುತ್ತಿದ್ದಳು. ಅಕ್ಕ ನನ್ನ ಜೊತೆ ಲೋಕಲ್ ರೈಲು ಹತ್ತಿ, ಠಾಣೆಯಲ್ಲಿ ಗಾಡಿ ಬದಲಿಸಿ, ದಾರಿಯುದ್ದಕ್ಕೂ ನನ್ನನ್ನು ಬೈಯುತ್ತಾ ಬರುತ್ತಿದ್ದಳು. ಅವಳಿಗೆ ಬೇಕಾದದ್ದು ಒಂದೇ: ತನ್ನ ಜಡೆಯನ್ನು ತಾನೇ ಹಾಕಿಕೊಳ್ಳಬೇಕು. ಬೋಳು ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಜಡೆಯ ಮಾತಾಡುವವಳಿಗೆ ಏನು ಹೇಳುವುದು!

ಚಿಕಿತ್ಸೆ ಮುಗಿದು ಇಬ್ಬರೂ ಉಡುಪಿ ಕಡೆಯ ತಮ್ಮ ಹಳ್ಳಿಗೆ ಹೋದರು. ಅಲ್ಲಿ ಇಂಥ ಕ್ಲಾಸು ಎಲ್ಲಿಯದು? ಇರುವುದು ದೂರದ ಪೇಟೆಯಲ್ಲಿ. ಅಲ್ಲಿಗೆ ಹೋಗಲು ಬಸ್ಸು ಹತ್ತಬೇಕು, ಬಸ್ಸಿನಲ್ಲಿ ಕಂಬಿ ಹಿಡಿಯಲು ಕೈ ಎತ್ತಬೇಕು, ಕೈ ಎತ್ತಲು ಮೊದಲು ಕ್ಲಾಸಿಗೆ ಹೋಗಬೇಕು. ಕೊನೆಗೆ ಆ ಹುಡುಗಿಯೇ ಭಾನುವಾರ ವಿಡಿಯೊ ಕಾಲ್‌ನಲ್ಲಿ ಹೇಳಿಕೊಡಲು ಒಪ್ಪಿದಳು. ಅವಳೂ ನಮ್ಮ ಊರಿನವರ ಮಗಳೇ, ಆದರೆ ಕನ್ನಡ ಕೇಳಿಸಿಕೊಂಡು ಉತ್ತರ ಹಿಂದಿಯಲ್ಲಿ ಕೊಡುವ ಪೈಕಿ. ಅಕ್ಕನ ಹಿಂದಿ ತರಕಾರಿಯವನ ಗಾಡಿಯಿಂದ ಆಚೆ ಹೋದದ್ದಲ್ಲ. ಹಾಗಾಗಿ ನಡುವೆ ದುಭಾಷಿ ನಾನು. ಬರೀ ಹೇಳಿದರೆ ಅಕ್ಕನಿಗೆ ತಿಳಿಯದು, ಮಾಡಿಯೂ ತೋರಿಸಬೇಕು.

"ಎಂತ ಏದುಸಿರು ಮಾರಾಯ್ತಿ! ಕಾಯಿಲೆ ನಂಗಾ, ನಿಂಗಾ?" ಎಂದು ಅವಳು ಅಲ್ಲಿಂದ ನಗುತ್ತಿದ್ದಳು.

ಅವರ ಮನೆಯೊಳಗೆ ನೆಟ್‌ವರ್ಕ್ ಇಲ್ಲ, ಅಂಗಳದಲ್ಲಿ ಮಾತ್ರ. ಆದ್ದರಿಂದ ಎಲ್ಲವೂ ಬಹಿರಂಗ. ಡಂಬೆಲ್ ಬದಲು ಉಪ್ಪಿನ ಪ್ಯಾಕೆಟ್, ರಬ್ಬರ್ ಪಟ್ಟಿಯ ಬದಲು ಮೈ ಒರೆಸುವ ಬೈರಾಸು. ಹೊರಗಿನ ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಹತ್ತಿಸುವುದು.

"ದಿನವಿಡೀ ಬಗ್ಗಿ ಏಳುದು ಸಾಕಾಗುದಿಲ್ವಾ? ಇದೆಂತ ಹೊಸ ಸರ್ಕಸ್ಸು?" ಎಂದು ದಾರಿಯಲ್ಲಿ ಹೋಗುವ ಹೆಂಗಸರು ನಗುತ್ತಿದ್ದರು.

ಹಾಗೆ ನಗಲು ನಿಂತ ಒಬ್ಬಾಕೆ, ತನಗೂ ಅದೇ ಆಪರೇಷನ್ ಆಗಿದೆ ಎಂದು ಒಂದು ದಿನ ಬಾಯಿಬಿಟ್ಟಳು. ಮುಂದಿನ ಭಾನುವಾರದಿಂದ ಗೋಡೆಗೆ ಇಬ್ಬರು.

ಅಷ್ಟರಲ್ಲಿ ಅಕ್ಕನ ಕೂದಲು ಬಂದು, ಬೆಳೆದು, ಮೋಟು ಜಡೆಯಷ್ಟಾಯಿತು. ಆದರೆ ಕೈ ಕಿವಿಯ ಹತ್ತಿರ ಬಂದು ನಿಂತುಬಿಡುತ್ತಿತ್ತು. ಜಡೆ ಹಾಕುವ ಕೆಲಸ ಭಾವನದ್ದಾಯಿತು. ನಿವೃತ್ತರಾಗುವ ತನಕ ವಾಶಿಯ ಹೋಟೆಲಿನ ಗಲ್ಲಾದಲ್ಲಿ ಆಯುಷ್ಯ ಕಳೆದು, ಒಂದು ಲೋಟ ನೀರನ್ನೂ ಕೂತಲ್ಲಿಗೇ ತರಿಸಿಕೊಂಡವರು! ಅವರು ಹಾಕಿದ ಜಡೆ ಬಾವಿಯ ಹಗ್ಗದಂತಿರುತ್ತಿತ್ತು. ನಾನು ಹಾಗೆಂದರೆ, "ಗಟ್ಟಿ ಉಂಟಲ್ಲ?" ಎನ್ನುತ್ತಿದ್ದರು.

ಒಂದು ಭಾನುವಾರ ಭಾವ ಪೇಟೆಗೆ ಹೋಗಿದ್ದರು. ಕ್ಲಾಸು ಮುಗಿದು ಹುಡುಗಿ ಕಾಲ್ ಬಿಟ್ಟು ಹೋದ ಮೇಲೆ ಅಕ್ಕ, "ಇಲ್ಲಿ ನೋಡು" ಎಂದು ಬಲಗೈ ಎತ್ತಿದಳು. ಕೈ ಕಿವಿ ದಾಟಿತು, ತಲೆಯ ಹಿಂದಕ್ಕೆ ಹೋಯಿತು. ಹಲ್ಲು ಕಚ್ಚಿಕೊಂಡು ಕೊನೆಯವರೆಗೂ ಹೆಣೆದಳು. ಸೊಟ್ಟ ಜಡೆ, ಆದರೆ ಅವಳದ್ದೇ! ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಬೆಲ್ ಒತ್ತಿದರು. ಬಾಗಿಲು ತೆರೆದಾಗ ನನ್ನ ಮುಖವೆಲ್ಲ ಕಣ್ಣೀರು.

ನಾನು ಫೋನಿನ ಹತ್ತಿರ ವಾಪಸು ಬಂದು ನೋಡಿದರೆ ಅಕ್ಕ ಅವಸರದಲ್ಲಿ ಜಡೆ ಬಿಚ್ಚುತ್ತಿದ್ದಾಳೆ. ಭಾವ ಗೇಟಿನ ಹತ್ತಿರ ಬಂದಾಗಿತ್ತು.

"ಹೇಳ್ಬೇಡ ಆಯ್ತಾ. ಪಾಪ, ಅವ್ರಿಗೆ ಬೇರೆ ಎಂತ ಕೆಲಸ ಉಂಟು?" ಎಂದು ಪಿಸುಗುಟ್ಟಿ, ಮೆಟ್ಟಿಲ ಮೇಲೆ ಕೂತು, "ಬೇಗ ಬನ್ನಿ ಮಾರಾಯ್ರೆ, ಕೈ ಏಳುದೇ ಇಲ್ಲ!" ಎಂದು ಕೂಗಿದಳು. ಅಬ್ಬಾ, ನಾಟಕವೇ!

ಭಾವ ತಲೆಗೆ ಬಾಚಣಿಗೆ ಇಟ್ಟವರು ಹಾಗೇ ನಿಂತರು. ಎಣ್ಣೆ ಹಚ್ಚಿದ ಕೂದಲಲ್ಲಿ ಸೊಟ್ಟ ಹೆಣಿಗೆಯ ಗುರುತು ಹೋಗಿರಲಿಲ್ಲ.

"ಕೈ ಬಂತಾ?" ಎಂದು ಕೇಳಿದರು.

ಅಕ್ಕ ಬಲಗೈಯನ್ನು ಮೆಲ್ಲಗೆ ಸೆರಗಿನೊಳಗೆ ಸರಿಸಿದಳು.

"ಬರ್ಲಿ, ಒಳ್ಳೇದಾಯ್ತು. ಡೊಂಬಿವಲಿಯ ಬಾತ್‌ರೂಮಲ್ಲಿ ಮುಷ್ಟಿ ಮುಷ್ಟಿ ಕೂದಲು ಹೆಕ್ಕಿದವ ನಾನು. ಈಗ ಬಾಚ್ಲಿಕ್ಕೆ ಉಂಟಲ್ಲ. ಸುಮ್ನೆ ಕೂತ್ಕೋ."