ಜೂನ್ ಒಂದರಂದು ಹುಟ್ಟಿದವರು

ಜೇವರ್ಗಿಯಲ್ಲಿ ಬಸ್ಸಿಳಿದು ಫ್ಲೆಕ್ಸ್ ಅಂಗಡಿಯ ಕಡೆ ನಡೆಯುತ್ತಿದ್ದೆ. ದಾರಿ ಬದಿಯ ದಾಲ್ ಮಿಲ್ಲಿನ ಅಂಗಳದಲ್ಲಿ ಎಣ್ಣೆ ಸವರಿದ ತೊಗರಿಯನ್ನು ಬಿಸಿಲಿಗೆ ಹರವಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲು ತಾನಾಗಿ ನಿಂತಿತು. ಹಸಿ ತೊಗರಿಯದೂ ಅಲ್ಲ, ಬೇಯಿಸಿದ ಬೇಳೆಯದೂ ಅಲ್ಲ, ನಡುವಿನ ಒಂದು ಜಿಡ್ಡು ವಾಸನೆ. ಹೂವಿನ ವಾಸನೆಗೆ ಯಾರ್‍ಯಾರೋ ನೆನಪಾಗುತ್ತಾರಂತೆ. ನನಗೆ ಈ ಜಿಡ್ಡಿಗೆ ಮೇಡಂ ನೆನಪಾಗುತ್ತಾರೆ...

ಮೇಡಂ ಅಂದರೆ ನನಗೆ ಕಂಪ್ಯೂಟರ್ ಕಲಿಸಿದವರು. ಇದೇ ಜೇವರ್ಗಿಯ ಬೀಜದ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಕ್ಲಾಸು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಕರೆಂಟು ಹೋದಾಗಲೆಲ್ಲ ಕಿರಿಚುವ ಬ್ಯಾಟರಿ. ನಾನು ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದವಳು. ಇಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಬಿಕಾಂ ಮುಗಿಸಿದೆ, ಮೇಡಂ ಹತ್ತಿರ ಕಲಿತೆ, ಕಲಿತಲ್ಲೇ ಕೆಲಸಕ್ಕೂ ನಿಂತೆ. ಅವರು ಯಾರ ಮೇಲೂ ದನಿ ಏರಿಸುತ್ತಿರಲಿಲ್ಲ. ತಪ್ಪು ಮಾಡಿದರೆ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು, ಅಷ್ಟೇ. ಅದಕ್ಕಿಂತ ಎರಡು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು ನಮಗೆ.

ಒಂದು ವರ್ಷ ದಾಲ್ ಮಿಲ್ಲಿನ ಸಾವಕಾರರು ನಮ್ಮ ಮಹಡಿ ಹತ್ತಿ ಬಂದರು. ಮಿಲ್ಲು ಜೇವರ್ಗಿಯಲ್ಲಿ, ತೊಗರಿ ಖರೀದಿಸುವ ಕೇಂದ್ರಗಳು ಆಳಂದದಲ್ಲಿ ಮತ್ತು ಅಫಜಲಪುರದಲ್ಲಿ. ಮೂರೂ ಊರಿನ ಚೀಲ, ಮಂದಿ, ಹಾಜರಿ ಎಲ್ಲ ಒಂದೇ ಕಡೆ ಕಾಣಬೇಕು ಅಂತ ಅವರ ಆಸೆ. ದೊಡ್ಡ ಊರಿನ ಏಜೆಂಟನೊಬ್ಬ ಭಾರೀ ಬೆಲೆಯ ಸಾಫ್ಟ್‌ವೇರು ತೋರಿಸಿ ಹೋಗಿದ್ದ. ಮೇಡಂ ಪುಕ್ಕಟೆ ಸಿಗುವ ಮೂರು ಡೇಟಾಬೇಸುಗಳ ಹೆಸರು ಹೇಳಿದರು. ಡೇಟಾಬೇಸ್ ಅಂದರೆ ಪರದೆಯ ಹಿಂದೆ ಕುಳಿತು, ನಾವು ಕೊಟ್ಟ ಮಾಹಿತಿಯನ್ನು ಜೋಡಿಸಿಟ್ಟು, ಕೇಳಿದಾಗ ಹುಡುಕಿ ಕೊಡುವ ಉಗ್ರಾಣ.

"ಮೂರರಾಗ ಯಾವುದು ದೊಡ್ಡದರಿ?" ಅಂದರು ಸಾವಕಾರರು.

"ದೊಡ್ಡದು ಸಣ್ಣದು ಕೇಳಬ್ಯಾಡ್ರಿ. ನಿಮ್ಮ ಮಂದಿ ಹ್ಯಾಂಗ ಕೆಲಸ ಮಾಡ್ತಾರ, ಅದನ್ನ ಹೇಳ್ರಿ" ಅಂದರು ಮೇಡಂ.

ಎಸ್‌ಕ್ಯೂಎಲೈಟ್ ಅನ್ನುವುದು ಒಂದೇ ಫೈಲು. ಒಂದು ಅಂಗಡಿ, ಒಂದು ಕಂಪ್ಯೂಟರ್ ಇದ್ದವರಿಗೆ ಅದಕ್ಕಿಂತ ಸುಖ ಬೇರೆ ಇಲ್ಲ. ಆದರೆ ಮೂರು ಊರಿನವರು ಒಮ್ಮೆಗೇ ಬರೆಯಲು ಹೋದರೆ ಒಬ್ಬರು ಮುಗಿಸುವ ತನಕ ಉಳಿದವರು ಕಾಯಬೇಕು. ಮೈಎಸ್‌ಕ್ಯೂಎಲ್ ಬಲ್ಲವರು ಗಲ್ಲಿಗೊಬ್ಬರು ಸಿಗುತ್ತಾರೆ, ನಾಳೆ ಕೆಟ್ಟರೆ ರಿಪೇರಿಗೆ ಚಿಂತೆಯಿಲ್ಲ. ಆದರೆ ಆಗ ನಮ್ಮ ಹತ್ತಿರ ಇದ್ದ ಹಳೆಯದು, ನಾವಿಟ್ಟಿದ್ದ ಸೆಟ್ಟಿಂಗಿನಲ್ಲಿ, ತಾರೀಖು ಹಾಕದಿದ್ದರೆ ತಾನೇ ಸೊನ್ನೆಗಳನ್ನು ತುಂಬಿಕೊಂಡು ಸುಮ್ಮನಾಗುತ್ತಿತ್ತು. ಪೋಸ್ಟ್‌ಗ್ರೆಸ್ ಹಾಗಲ್ಲ. ನಾವು ಒಂದು ನಿಯಮ ಹಾಕಿದರೆ ಅದನ್ನು ಮುರಿಯಲು ಯಾರಿಗೂ ಬಿಡುವುದಿಲ್ಲ. ಮೇಡಂಗೆ ಅದೇ ಇಷ್ಟ, ಅದನ್ನೇ ಹಾಕಿಸಿದರು. ಕೆಲಸದವರ ಹೆಸರು, ಊರು, ಹುಟ್ಟಿದ ತಾರೀಖು, ಯಾವ ಖಾನೆಯೂ ಖಾಲಿ ಇರಕೂಡದು ಅಂತ ನಿಯಮ ಮಾಡಿದರು. ಹುಟ್ಟಿದ ದಿನ ಯಾಕೆ ಬೇಕು ಅಂದರೆ, ಹಾಜರಿ ಹಾಕುವಾಗ ಪರದೆಯ ಮೇಲೆ 'ಹುಟ್ಟುಹಬ್ಬದ ಶುಭಾಶಯ' ಅಂತ ಬರುವ ಹಾಗೆ ಮಾಡಿದ್ದರು. ಬೇಳೆ ಹಸನು ಮಾಡುವ ಹೆಣ್ಣುಮಕ್ಕಳಿಗೆ ಆ ಮಾತನ್ನು ಯಾರು ತಾನೆ ಹೇಳಿದ್ದಾರೆ ಅಂತ ಅವರ ಲೆಕ್ಕ. ನಾನು ನಕ್ಕಿದ್ದೆ. ಈಗ ನೆನೆದರೆ ಅವರ ಮೇಲೆ ಪ್ರೀತಿ ಉಕ್ಕುತ್ತದೆ.

ಕೆಲಸ ಚೆನ್ನಾಗಿ ನಡೆಯಿತು. ಸಾವಕಾರರು ಕೆಲಸದವರಿಗೆಲ್ಲ ವಿಮೆ ಮಾಡಿಸಲು ಹೊರಟರು. ವಿಮೆಯವರು ಅರವತ್ತು ದಾಟಿದವರು ಬೇಡ ಅಂದರು. ವಿಮೆ ಇಲ್ಲದವರು ಮಿಲ್ಲಿನೊಳಗೆ ಬೇಡ ಅಂತ ಸಾವಕಾರರೂ ಅಂದರು. ಅರವತ್ತು ದಾಟಿದವರು ಯಾರು ಅಂತ ಕೇಳಿದ್ದಕ್ಕೆ ಮೇಡಂ ಕಣ್ಣು ಮಿಟುಕಿಸುವಷ್ಟರಲ್ಲಿ ಹೆಸರು ತೆಗೆದುಕೊಟ್ಟರು. ಆ ಸಂಜೆ ಅವರ ಮುಖದಲ್ಲಿ ಸಣ್ಣ ಹೆಮ್ಮೆ ಇತ್ತು...

ಆಮೇಲೆ ಜೂನ್ ಒಂದು ಬಂತು.

ಬೆಳಿಗ್ಗೆ ಸಾವಕಾರರ ಫೋನು. "ಮೇಡಂರಿ, ನಮ್ಮ ಮಿಲ್ಲಿನಾಗ ಎಲ್ಲಾರೂ ಇವತ್ತೇ ಹುಟ್ಯಾರೇನ್ರಿ? ಪೇಢಾ ತಂದು ಹಂಚಲೇನು?" ಹಿಂದೆ ಜನ ಬಿದ್ದು ಬಿದ್ದು ನಗುವುದು ಕೇಳಿಸುತ್ತಿತ್ತು. ಇಬ್ಬರೂ ಮಿಲ್ಲಿಗೆ ಓಡಿದೆವು. ಪರದೆಯ ತುಂಬ ಶುಭಾಶಯ. ಕೆಳಗೆ ಎಳೆದಷ್ಟೂ ಮುಗಿಯದು.

ಮಿಲ್ಲಿನ ಕಂಪ್ಯೂಟರಿಗೆ ಮಾಹಿತಿ ತುಂಬಿದ ಆಪರೇಟರನನ್ನು ಮೇಡಂ ಕೇಳಿದರು. ಅವನಿಗೆ ಅಂಜಿಕೆಯೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. "ತಾರೀಖು ಹಾಕೋತನಕ ಅದು ಮುಂದಕ್ಕ ಹೋಗಂಗಿಲ್ಲರಿ ಮೇಡಂ. ಸಾಲ್ಯಾಗ ಮಾಸ್ತರ್ ನಮಗ ಹಾಕಿದಂಗ ಜೂನ್ ಒಂದು ಹಾಕೀನ್ರಿ."

"ವರ್ಷ ಹ್ಯಾಂಗ ಹಾಕಿದ್ಯೋ?"

"ಮಾರಿ ನೋಡಿ, ಅಂದಾಜಿಲೆ ಹಾಕೀನ್ರಿ."

ಆಳಂದದವನಿಗೂ ಅಫಜಲಪುರದವನಿಗೂ ಫೋನು ಮಾಡಿದೆವು. ಒಬ್ಬರನ್ನೊಬ್ಬರು ಕಂಡವರಲ್ಲ, ಕೇಳಿದವರಲ್ಲ; ಇಬ್ಬರೂ ಅದನ್ನೇ ಮಾಡಿದ್ದರು. ಮಾಡದೆ ಏನು? ಶಾಲೆಗೆ ಸೇರಿಸಲು ಬಂದ ಅಪ್ಪಂದಿರಿಗೆ ತಾರೀಖು ಗೊತ್ತಿಲ್ಲದಾಗ ಮಾಸ್ತರರು ಬರೆದುಕೊಂಡ ದಿನವದು. ನಮ್ಮ ಕಡೆ ಅರ್ಧ ತಾಲೂಕು ಹುಟ್ಟಿದ್ದೇ ಆ ದಿನ. ನನಗೂ ನಗು ಬಂತು. ತಿರುಗಿ ನೋಡಿದರೆ ಮೇಡಂ ಕನ್ನಡಕ ತೆಗೆದು ಒರೆಸುತ್ತಿದ್ದರು.

ಹೊರಗೆ ಗೇಟಿನ ಹತ್ತಿರ ಇಜೇರಿ ಹಳ್ಳಿಯ ಆಯಿ ಕುಳಿತಿದ್ದಳು. ಬೇಳೆ ಹಸನು ಮಾಡುವುದರಲ್ಲಿ ಹಳಬಳು. ಅರವತ್ತು ದಾಟಿದವರ ಪೈಕಿ ಅವಳ ಹೆಸರೂ ಬಂದು, ಕೆಲಸ ಬಿಡಿಸಿದ್ದರು. ಮನೆಯಲ್ಲಿ ಕುಳಿತಿರಲಾರದೆ ದಿನವೂ ಬಂದು ಗೇಟಿನಲ್ಲಿ ಕೂಡುತ್ತಿದ್ದಳಂತೆ. ಮೇಡಂ ಅವಳ ಮುಂದೆ ಕುಕ್ಕರುಗಾಲಲ್ಲಿ ಕುಳಿತರು.

"ಯವ್ವಾ, ಅದರಾಗ ನನ್ನ ವಯಸ್ಸು ಬಂದದಂತ. ನನಗೇ ಗೊತ್ತಿಲ್ಲ, ಅದಕ್ಕ ಹ್ಯಾಂಗ ಗೊತ್ತಾತು?" ಅಂದಳು ಆಯಿ. ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಅಂತಲೇ ಕೇಳಿದ್ದಳು.

ಮೇಡಂ ಎದ್ದು ನೇರ ಸಾವಕಾರರ ಕೋಣೆಗೆ ಹೋದರು. "ತಪ್ಪು ನಂದರಿ. ಗೊತ್ತಿಲ್ಲ ಅನ್ನೋದಕ್ಕ ನಾ ಜಾಗಾನೇ ಇಟ್ಟಿಲ್ಲ. ಆ ವಯಸ್ಸು ಒಂದೂ ಖರೇ ಅಲ್ಲ. ಬಿಡಿಸಿದವರನ್ನ ತಿರುಗಿ ಕರೀರಿ."

ಸಾವಕಾರರಿಗೆ ಈಗ ನಗು ನಿಂತಿತ್ತು. "ಭಾಳ ಕಟ್ಟುನಿಟ್ಟು ಅಂತ ನೀವೇ ಇದನ್ನ ಹಾಕ್ಸಿದ್ರಿ. ಹಂಗಾದ್ರ ಆ ಇನ್ನೊಂದನ್ನೇ ಹಾಕೋಣೇನು?"

"ಬ್ಯಾಡ್ರಿ. ಅದು ಸುಳ್ಳನ್ನ ತಾನೇ ಬರಕೋತಿತ್ತು. ಇದು ನಮ್ಮ ಕೈಲಿ ಬರೆಸ್ತು. ಬದಲು ಮಾಡಬೇಕಾದದ್ದು ನಾ ಹಾಕಿದ ನಿಯಮರಿ."

ತಪ್ಪು ನಂದು ಅಂತ ಮೇಡಂ ಹೇಳದಿದ್ದರೂ ನಡೆಯುತ್ತಿತ್ತು. ಆಪರೇಟರನ ಮೇಲೆ ಹಾಕಬಹುದಿತ್ತು. ಸಾವಕಾರರೂ ಅದಕ್ಕೆ ತಯಾರಿದ್ದರು. ಮುಂದಿನ ವರ್ಷ ಮಿಲ್ಲಿನ ಪೂರ್ತಿ ಕೆಲಸ ನಮಗೇ ಬರುವುದಿತ್ತು, ಕ್ಲಾಸು ಉಳಿಯುವುದು ಅದರಿಂದಲೇ ಅಂತ ಇಬ್ಬರಿಗೂ ಗೊತ್ತಿತ್ತು. ಬಾಗಿಲಲ್ಲಿ ನಿಂತು ನಾನು ಮನಸ್ಸಿನಲ್ಲೇ, ಸುಮ್ಮನಿರ್ರಿ ಮೇಡಂ, ಸುಮ್ಮನಿರ್ರಿ ಅಂದುಕೊಳ್ಳುತ್ತಿದ್ದೆ.

ಅಂದೇ ಕೂತು ನಿಯಮ ತೆಗೆದರು. ಎಲ್ಲ ಜೂನ್ ಒಂದುಗಳನ್ನೂ ಅಳಿಸಿದರು. ಗೊತ್ತಿದ್ದವರದು ಕೇಳಿ ಹಾಕಿದೆವು, ಉಳಿದವರದು ಖಾಲಿ. ಪೋಸ್ಟ್‌ಗ್ರೆಸ್ ತಕರಾರು ಮಾಡಲಿಲ್ಲ. ಖಾಲಿ ಇರಬಹುದು ಅಂತ ಹೇಳಿದರೆ ಖಾಲಿಯನ್ನೂ ಅಷ್ಟೇ ನಿಯತ್ತಾಗಿ ಇಟ್ಟುಕೊಳ್ಳುತ್ತದೆ. ತಾರೀಖಿಲ್ಲದವರನ್ನು ಸಾವಕಾರರು ವಯಸ್ಸಿನ ಚೀಟಿಗಾಗಿ ತಾಲೂಕು ಆಸ್ಪತ್ರೆಯ ಡಾಕ್ಟರಿಗೆ ತೋರಿಸಿದರು. ಅರವತ್ತು ದಾಟಿಲ್ಲ ಅಂತ ಡಾಕ್ಟರು ಬರೆದುಕೊಟ್ಟ ಮೇಲೆ ಇಜೇರಿಯ ಆಯಿ ತಿರುಗಿ ಬಂದು ತನ್ನ ಜಾಗದಲ್ಲಿ ಕುಳಿತಳು. ಆದರೆ ಯಡ್ರಾಮಿಯ ಕಡೆಯ ಒಬ್ಬಾಕೆ ಅಷ್ಟರಲ್ಲಿ ಮಗಳ ಜೊತೆ ದುಡಿಯಲು ಬೇರೆ ಊರಿಗೆ ಹೋಗಿಬಿಟ್ಟಿದ್ದಳು, ಸಿಗಲಿಲ್ಲ. ಅವಳ ಮಾತು ಬಂದರೆ ಮೇಡಂ ಊಟದ ಡಬ್ಬಿ ಮುಚ್ಚಿಡುತ್ತಿದ್ದರು.

ಮುಂದಿನ ವರ್ಷದ ಕೆಲಸ ದೊಡ್ಡ ಊರಿನ ಆ ಏಜೆಂಟನಿಗೆ ಹೋಯಿತು. ಒಂದೆರಡು ವರ್ಷ ಹೇಗೋ ಎಳೆದು ಮೇಡಂ ಕ್ಲಾಸು ಮುಚ್ಚಿದರು. ಕಂಪ್ಯೂಟರುಗಳಿಗೆ ಹಳೆಯ ಸೀರೆ ಸುತ್ತುತ್ತಾ ಒಮ್ಮೆ ಅಂದರು, "ನಂದೂ ಜೂನ್ ಒಂದೇ ಬೇ. ತೊಗರಿ ಹೂ ಬಿಟ್ಟಾಗ ಹುಟ್ಟೀನಂತ ಅವ್ವ ಹೇಳ್ತಿದ್ಳು. ಯಾವ ವರ್ಷದ ತೊಗರಿ ಅಂತ ಅವ್ವಗೂ ಗೊತ್ತಿಲ್ಲ." ನಕ್ಕರು. ನಾನು ನಗಲಿಲ್ಲ...

ಈಗ ನಾನು ಆಳಂದದಲ್ಲಿ ಅದೇ ಕೆಲಸ ಮಾಡುತ್ತೇನೆ. ಅಂಗಡಿಯವರು ಬಂದು ಯಾವ ಡೇಟಾಬೇಸ್ ಚಲೋ ಅಂತ ಕೇಳುತ್ತಾರೆ. ಮೈಎಸ್‌ಕ್ಯೂಎಲ್ ಕೂಡ ಈಗ ಬಿಗಿಯಾಗಿದೆ, ಮೊದಲಿನಂತೆ ಸುಲಭಕ್ಕೆ ಸೊನ್ನೆ ತುಂಬಿಕೊಳ್ಳುವುದಿಲ್ಲ. ಮೂರೂ ಚೆನ್ನಾಗಿವೆ ಅನ್ನುತ್ತೇನೆ. ಆಮೇಲೆ, ನಿಮ್ಮ ಮಂದಿಗೆ ಗೊತ್ತಿಲ್ಲದ್ದು ಏನೇನಿದೆ ಅಂತ ಕೇಳುತ್ತೇನೆ. ಕೆಲವರು ಬೇಸರದಿಂದ ಎದ್ದು ಹೋಗುತ್ತಾರೆ. ಹೋಗಲಿ.

ತೊಗರಿಯ ವಾಸನೆ ಬಿಟ್ಟು ಫ್ಲೆಕ್ಸ್ ಅಂಗಡಿಗೆ ಹೋದೆ. ಮೇಡಂ ಹತ್ತಿರ ಕಲಿತವರೆಲ್ಲ ಸೇರಿ ಅವರ ಫೋಟೋ ಇರುವ ಒಂದು ಫ್ಲೆಕ್ಸ್ ಮಾಡಿಸುವ ಅಂತ ನನ್ನನ್ನು ಕಳಿಸಿದ್ದರು. ಅಂಗಡಿಯವನು ಫೋಟೋ ಜೋಡಿಸಿ, ಕೆಳಗೆ 'ಜನನ' ಅಂತ ಹೊಡೆದು ನನ್ನ ಕಡೆ ನೋಡಿದ.

"ಗೊತ್ತಿಲ್ಲರಿ" ಅಂದೆ.

"ಜೂನ್ ಒಂದು ಹಾಕ್ಲೇನ್ರಿ ಅಕ್ಕಾ? ಎಲ್ಲಾರೂ ಅದನ್ನೇ ಹಾಕಸ್ತಾರ."

"ಬ್ಯಾಡ್ರಿ. ಖಾಲಿ ಬಿಡ್ರಿ."

"ಖಾಲಿ ಬಿಟ್ರ ಚಂದ ಕಾಣಂಗಿಲ್ಲರಿ."

"ಇರಲಿ ಬಿಡ್ರಿ."

ಅವನು ಒಂದು ಸಲ ನನ್ನ ಮುಖ ನೋಡಿ, ಖಾಲಿ ಬಿಟ್ಟು, ಮುಂದಿನ ಸಾಲಿಗೆ ಹೋದ. ಮರಣ ಯಾವತ್ತು ಅಂತ ಕೇಳಿದ. ಆ ತಾರೀಖು ನನಗೆ ಗೊತ್ತಿತ್ತು. ಅವನ ಪೆನ್ನು ಇಸಿದುಕೊಂಡು ಬರೆದು ಕೊಟ್ಟೆ.